ಭಾಗವತರು ಹೋದರು, ಸ್ವರ ಎಲ್ಲಿದೆ?

2021ರ ಅಕ್ಟೋಬರ್ 12ರಂದು, ನವರಾತ್ರಿಯ ನಡುವೆ, ತೆಂಕುತಿಟ್ಟು ಯಕ್ಷಗಾನದ ಹೆಸರಾಂತ ಭಾಗವತ ಪದ್ಯಾಣ ಗಣಪತಿ ಭಟ್ಟರು ಸುಳ್ಯ ತಾಲೂಕಿನ ಕಲ್ಮಡ್ಕದಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡಲು ಇನ್ನು ಕೆಲವು ವಾರಗಳಷ್ಟೇ ಇದ್ದವು. ಪುತ್ತೂರು, ಸುಳ್ಯ, ಕಡಬದ ಕಡೆಯಲ್ಲಿ ಆ ದಿನ ಆಟದ ಅಭಿಮಾನಿಗಳು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದರು. ಆಮೇಲೆ ಮನೆಯಲ್ಲಿದ್ದ ಹಳೆಯ ಧ್ವನಿಮುದ್ರಿಕೆ ಹುಡುಕಿ ಅವರ ಪದ ಕೇಳಿದವರೇ ಹೆಚ್ಚು. ಪ್ರೀತಿಯ ಹಾಡುಗಾರ ಹೋದಾಗ ಜಗತ್ತಿನ ಯಾವ ಮೂಲೆಯಲ್ಲಾದರೂ ಜನ ಮೊದಲು ಮಾಡುವ ಕೆಲಸ ಇದೇ.

ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ 1977ರ ಆಗಸ್ಟ್ 16ರಂದು ತೀರಿಕೊಂಡ. ಪ್ರತಿ ವರ್ಷ ಆಗಸ್ಟ್ 15ರ ರಾತ್ರಿ ಮೆಂಫಿಸ್ ನಗರದ ಅವನ ಮನೆಯ ಮುಂದೆ ಅಭಿಮಾನಿಗಳು ಮೇಣದ ಬತ್ತಿ ಹಿಡಿದು ಸಾಲು ನಿಲ್ಲುತ್ತಾರೆ. ಕರಾವಳಿಯವರಿಗೆ ಈ ಹುಚ್ಚು ಹೊಸತೇನೂ ಅಲ್ಲ. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ಅವರು ಹೋಗಿ ಮೂರು ದಶಕಗಳು ಕಳೆದ ಮೇಲೂ, ಅವರ ಕಾಲದಲ್ಲಿ ಹುಟ್ಟಿಯೇ ಇರದ ಹುಡುಗರು ಅವರ ಪದಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ತೆಂಕುತಿಟ್ಟಿನಲ್ಲಿ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿ 16ರಂದು, ಮಹಿಳಾ ಭಾಗವತರಲ್ಲಿ ಮೊದಲಿಗರಾಗಿ ದಾರಿ ಮಾಡಿಕೊಟ್ಟ ಲೀಲಾವತಿ ಬೈಪಾಡಿತ್ತಾಯರು 2024ರ ಡಿಸೆಂಬರ್‌ನಲ್ಲಿ ನಿಧನರಾದರು. ಕೆಲವೇ ವರ್ಷಗಳಲ್ಲಿ ಒಂದರ ಹಿಂದೆ ಒಂದರಂತೆ ದೊಡ್ಡ ಸ್ವರಗಳು ನಿಂತುಹೋದವು.

ವಿಜ್ಞಾನದ ಅಂಕಣದಲ್ಲಿ ಭಾಗವತರ ಮಾತು ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಬ್ಬ ಮನುಷ್ಯನ ಸ್ವರ ಎಂದರೇನು, ಅದು ಎಲ್ಲಿ ಹುಟ್ಟುತ್ತದೆ, ಅವನು ಹೋದ ಮೇಲೆ ಎಲ್ಲಿ ಉಳಿಯುತ್ತದೆ, ಉಳಿದದ್ದು ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಗಳೆಲ್ಲ ವಿಜ್ಞಾನಕ್ಕೆ ಸೇರಿದವು. ಕೊನೆಯ ಪ್ರಶ್ನೆಗೆ ಈಗಲೇ ಉತ್ತರ ಕಂಡುಕೊಳ್ಳದಿದ್ದರೆ ಈ ಮೂರು ತಾಲೂಕುಗಳ ಮನೆಮನೆಗಳಲ್ಲಿ ಇರುವ ಒಂದು ಸಂಪತ್ತು ಸದ್ದಿಲ್ಲದೆ ಹಾಳಾಗಿ ಹೋಗುತ್ತದೆ.

ಎರಡು ಸೆಂಟಿಮೀಟರಿನ ವಾದ್ಯ

ಪದ್ಯಾಣರದ್ದು ಭಾಗವತರ ಮನೆತನ. ಅಜ್ಜ ಪುಟ್ಟು ನಾರಾಯಣ ಭಾಗವತರು. ಗಣಪತಿ ಭಟ್ಟರು ಧರ್ಮಸ್ಥಳದ ಲಲಿತ ಕಲಾಕೇಂದ್ರದಲ್ಲಿ ಮಾಂಬಾಡಿ ನಾರಾಯಣ ಭಾಗವತರ ಬಳಿ ಭಾಗವತಿಕೆ ಕಲಿತರು. ಸುರತ್ಕಲ್ ಮೇಳವೊಂದರಲ್ಲೇ 26 ವರ್ಷ ಹಾಡಿದರು. ಕೊನೆಗೆ ಪುತ್ತೂರು ತಾಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳದಲ್ಲಿದ್ದರು. ನಾಲ್ಕು ದಶಕಕ್ಕೂ ಮಿಕ್ಕಿದ ಈ ದುಡಿಮೆಯ ಮುಖ್ಯ ಸಲಕರಣೆ ಯಾವುದು? ಕೈಯಲ್ಲಿದ್ದ ಜಾಗಟೆ ಅಲ್ಲವೇ ಅಲ್ಲ. ಗಂಟಲೊಳಗಿನ ಎರಡು ಸಣ್ಣ ಮಡಿಕೆಗಳು.

ಧ್ವನಿಪೆಟ್ಟಿಗೆಯಲ್ಲಿ ಎದುರುಬದುರಾಗಿ ಇರುವ ಈ ಮಡಿಕೆಗಳಿಗೆ ಧ್ವನಿತಂತುಗಳೆಂದು ಹೆಸರು. ಗಂಡಸರಲ್ಲಿ ಅವುಗಳ ಉದ್ದ ಸುಮಾರು ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಇನ್ನೂ ಕಡಿಮೆ. ಶ್ವಾಸಕೋಶದಿಂದ ಬಂದ ಗಾಳಿ ಅವುಗಳ ನಡುವೆ ನುಗ್ಗುವಾಗ ಅವು ಒಂದಕ್ಕೊಂದು ತಾಗಿ ಬಿಡುತ್ತವೆ. ಸಾಧಾರಣ ಮಾತಿನಲ್ಲಿ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ನೂರು ನೂರೈವತ್ತು ಸಲ ಹೀಗೆ ತಾಗುತ್ತವೆ. ಈ ಸಂಖ್ಯೆಗೇ ಆವೃತ್ತಿ ಎನ್ನುವುದು; ಅಳತೆಯ ಮಾನ ಹರ್ಟ್ಜ್. ಸ್ವರ ಏರಿಸಬೇಕಾದರೆ ತಂತುಗಳನ್ನು ಎಳೆದು ಬಿಗಿ ಮಾಡಬೇಕು. ಭಾಗವತರು ಏರುಪದಕ್ಕೆ ಹೋದಾಗ ಆವೃತ್ತಿ 300 ದಾಟುತ್ತದೆ.

ಈಗ ಒಂದು ಲೆಕ್ಕ. ಸೆಕೆಂಡಿಗೆ 300 ಸಲ, ಒಂದು ಗಂಟೆಗೆ 3,600 ಸೆಕೆಂಡು. ಗುಣಿಸಿದರೆ 10,80,000. ಒಂದು ಗಂಟೆ ಏರು ಶ್ರುತಿಯಲ್ಲಿ ಹಾಡಿದ ಭಾಗವತನ ಧ್ವನಿತಂತುಗಳು ಹತ್ತು ಲಕ್ಷಕ್ಕೂ ಹೆಚ್ಚು ಸಲ ಒಂದಕ್ಕೊಂದು ಬಡಿದಿರುತ್ತವೆ. ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಲ್ಲಿ ಸುರುವಾಗಿ ಮೇ ಕೊನೆಯ ಪತ್ತನಾಜೆಯವರೆಗೆ ನಡೆಯುತ್ತದೆ. ಆರು ತಿಂಗಳಿಗೂ ಹೆಚ್ಚು ಕಾಲ, ದಿನವೂ ಒಂದೊಂದು ಊರು, ನಿದ್ದೆಗೆಟ್ಟ ರಾತ್ರಿ, ಚಳಿಗಾಲದ ಮಂಜು. ನಾಲ್ಕು ದಶಕ ಆ ಸ್ವರವನ್ನು ಕಾಪಾಡಿಕೊಂಡದ್ದು ಎಷ್ಟು ದೊಡ್ಡ ಸಾಧನೆಯೆಂಬುದು ಈ ಲೆಕ್ಕ ಮಾಡಿದರೆ ತಿಳಿಯುತ್ತದೆ.

ಧ್ವನಿತಂತುಗಳಲ್ಲಿ ಹುಟ್ಟುವ ಶಬ್ದ ಮಾತ್ರ ಕೇಳಿದರೆ ಅದು ಬರಿಯ ಗುಂಯ್ ಎನ್ನುವ ಸದ್ದು. ಅದಕ್ಕೆ ರೂಪ ಕೊಡುವುದು ಗಂಟಲು, ಬಾಯಿ, ಮೂಗುಗಳ ಪೊಳ್ಳು. ಗಂಡಸರಲ್ಲಿ ಧ್ವನಿತಂತುಗಳಿಂದ ತುಟಿಯವರೆಗೆ ಸುಮಾರು 17 ಸೆಂಟಿಮೀಟರ್ ಉದ್ದದ ಈ ಕೊಳವೆ ಕೆಲವು ಉಪಸ್ವರಗಳನ್ನು ಎತ್ತಿಹಿಡಿಯುತ್ತದೆ, ಕೆಲವನ್ನು ತಗ್ಗಿಸುತ್ತದೆ. ಒಬ್ಬರ ಕೊಳವೆಯ ಆಕಾರ ಮತ್ತೊಬ್ಬರಂತೆ ಇರುವುದಿಲ್ಲ. ಆದ್ದರಿಂದಲೇ ಇಬ್ಬರು ಭಾಗವತರು ಅದೇ ಶ್ರುತಿಯಲ್ಲಿ, ಅದೇ ರಾಗದಲ್ಲಿ, ಅದೇ ಪದ ಹಾಡಿದರೂ ಅಭಿಮಾನಿಗೆ ಮೊದಲ ಅಕ್ಷರದಲ್ಲೇ ಗುರುತು ಸಿಗುತ್ತದೆ. "ಇದು ಪದ್ಯಾಣ" ಎಂದು ಅವನು ಹೇಳುವಾಗ ಅವನ ಕಿವಿ ಮತ್ತು ಮಿದುಳು ಸೇರಿ ಆ ಉಪಸ್ವರಗಳ ಲೆಕ್ಕವನ್ನು ಕ್ಷಣಾರ್ಧದಲ್ಲಿ ಮಾಡಿ ಮುಗಿಸಿರುತ್ತವೆ.

ಗುಡ್ಡ ದಾಟಿ ಬರುವ ಪದ

ಮೈಕು ಬರುವ ಮೊದಲು ಭಾಗವತರು ಗದ್ದೆಯಲ್ಲಿ ಕುಳಿತ ಜನಕ್ಕೆಲ್ಲ ಕೇಳುವಂತೆ ಹಾಡಬೇಕಿತ್ತು. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಹತ್ತು ಮೀಟರ್ ದೂರದಲ್ಲಿ ಇದ್ದಷ್ಟು ತೀವ್ರತೆ ಎಂಬತ್ತು ಮೀಟರಿಗೆ ಹೋಗುವಾಗ 64ರಲ್ಲಿ ಒಂದು ಪಾಲು ಮಾತ್ರ. ಅದರ ಮೇಲೆ ಪಕ್ಕದಲ್ಲೇ ಚೆಂಡೆಯ ಅಬ್ಬರ. ಈ ಕಷ್ಟಕ್ಕೆ ಪರಂಪರೆ ಕಂಡುಕೊಂಡ ದಾರಿ ಏರು ಶ್ರುತಿ ಮತ್ತು ಎದೆಯಿಂದ ಬರುವ ಗಟ್ಟಿ ಸ್ವರ.

ಇದರ ಹಿಂದೆ ಕಿವಿಯ ರಚನೆಯ ಗುಟ್ಟೂ ಉಂಟು. ಹೊರಗಿವಿಯಿಂದ ತಮಟೆಯವರೆಗಿನ ನಾಳದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅನುನಾದವಾಗುವ ಅಲೆಯ ಉದ್ದ ಕೊಳವೆಯ ನಾಲ್ಕು ಪಟ್ಟು, ಅಂದರೆ ಇಲ್ಲಿ ಹತ್ತು ಸೆಂಟಿಮೀಟರ್. ಶಬ್ದದ ವೇಗ ಸೆಕೆಂಡಿಗೆ 340 ಮೀಟರನ್ನು 0.1ರಿಂದ ಭಾಗಿಸಿದರೆ 3,400 ಹರ್ಟ್ಜ್ ಬರುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು ಸರಿಸುಮಾರು ಈ ಆಸುಪಾಸಿನಲ್ಲಿ. ಗಟ್ಟಿಯಾಗಿ, ಬಾಯಿ ತೆರೆದು ಹಾಡುವ ಗಾಯಕನ ಸ್ವರದಲ್ಲಿ ಈ ಎತ್ತರದ ಉಪಸ್ವರಗಳು ಧಾರಾಳವಾಗಿ ಇರುತ್ತವೆ. ಚೆಂಡೆಯ ನಡುವೆಯೂ ಪದದ ಅಕ್ಷರ ಅಕ್ಷರ ಕೇಳುವುದಕ್ಕೆ ಇದೊಂದು ಕಾರಣ. ಪಿಯುಸಿ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಒಮ್ಮೆ ಮಾಡಿ ನೋಡಬೇಕು.

ದೂರದಲ್ಲಿ ಎಲ್ಲೋ ಆಟ ನಡೆಯುತ್ತಿದ್ದರೆ ನಡುರಾತ್ರಿಯಲ್ಲಿ ಚೆಂಡೆಯ ಸದ್ದು ಗುಡ್ಡ ದಾಟಿ ಬರುವುದನ್ನು ಈ ಕಡೆಯ ಹಳ್ಳಿಯವರೆಲ್ಲ ಬಲ್ಲರು. ಊರು ಮಲಗಿದ್ದರಿಂದ ಬೇರೆ ಗದ್ದಲ ಇಲ್ಲ ಎಂಬುದು ಅರ್ಧ ಉತ್ತರ. ಉಳಿದರ್ಧ ಗಾಳಿಯಲ್ಲಿದೆ. ರಾತ್ರಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅದರ ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಮೇಲಕ್ಕೆ ಹೋದ ಅಲೆ ಬೆಚ್ಚನೆಯ ಗಾಳಿಯಲ್ಲಿ ವೇಗ ಪಡೆದು ಮತ್ತೆ ನೆಲದತ್ತ ಬಾಗುತ್ತದೆ. ಬೆಳಕಿನ ವಕ್ರೀಭವನದಂತೆ ಇದು ಶಬ್ದದ ವಕ್ರೀಭವನ. ಹೀಗೆ ಎರಡು ಕಿಲೋಮೀಟರ್ ಆಚೆಯ ಚೆಂಡೆಪೆಟ್ಟು ಸುಮಾರು ಆರು ಸೆಕೆಂಡು ತಡವಾಗಿ ಮನೆಯ ಚಾವಡಿಗೆ ಬಂದು ತಲುಪುತ್ತದೆ.

ಹಿಮ್ಮೇಳದ ಮದ್ದಳೆಯ ಬಗ್ಗೆಯೂ ಒಂದು ಮಾತು. ಸಾಮಾನ್ಯ ಚರ್ಮವಾದ್ಯದಲ್ಲಿ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಬರುವುದು ಸದ್ದು ಮಾತ್ರ. ಮುಚ್ಚಿಗೆಯ ನಡುವೆ ಕಪ್ಪು ಕರಣೆ ಹಾಕಿದರೆ ಆ ಉಪಸ್ವರಗಳು ಸರಿಯಾದ ಅನುಪಾತಕ್ಕೆ ಬಂದು ನಾದ ಹುಟ್ಟುತ್ತದೆ. ಕರಣೆ ಹಾಕಿದ ಮೃದಂಗ ಮೊದಲಾದ ಭಾರತೀಯ ವಾದ್ಯಗಳ ಈ ಗುಣವನ್ನು ಸರ್ ಸಿ.ವಿ. ರಾಮನ್ 1920ರಲ್ಲಿಯೇ ಪ್ರಕಟಿಸಿದ್ದರು, 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಬೆಳಕಿನ ಚದುರುವಿಕೆಗೆ ನೊಬೆಲ್ ಪಡೆದ ವಿಜ್ಞಾನಿಗೆ ಚರ್ಮವಾದ್ಯವೂ ಅಷ್ಟೇ ಗಂಭೀರ ವಿಷಯವಾಗಿತ್ತು.

ಅಭಿಮಾನಿಗಳ ಪೆಟ್ಟಿಗೆ

ಹುಟ್ಟಿದ ಶಬ್ದ ಗಾಳಿಯಲ್ಲಿ ಹರಡಿ ಶಾಖವಾಗಿ ಮುಗಿದುಹೋಗುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ಪ್ರಸಂಗಗಳು ಓಲೆಗರಿಯಲ್ಲಿ, ಅಚ್ಚಿನಲ್ಲಿ ಉಳಿದು ಬಂದಿವೆ. ಅವನ ಕಾಲದ ಯಾರ ಸ್ವರವೂ ಉಳಿದಿಲ್ಲ. ಶಬ್ದವನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ಎಡಿಸನ್ ಮಾಡಿದ್ದು 1877ರಲ್ಲಿ. ಆ ಶಕ್ತಿ ಹಳ್ಳಿಯ ಮನೆಗೆ ಬರಲು ಕ್ಯಾಸೆಟ್ಟೇ ಬರಬೇಕಾಯಿತು. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಹೊರತಂದಿತು. ಮುಂದಿನ ದಶಕಗಳಲ್ಲಿ ಗಲ್ಫಿನಿಂದ ಬಂದವರ ಕೈಯಲ್ಲೊಂದು ಟೇಪ್ ರೆಕಾರ್ಡರ್ ಇರುವುದು ಕರಾವಳಿಯಲ್ಲಿ ಸಾಮಾನ್ಯವಾಯಿತು.

ಆಟದ ಅಭಿಮಾನಿಗಳು ಅದನ್ನು ಬಳಸಿಕೊಂಡ ರೀತಿ ಬಲು ಚಂದ. ರಂಗಸ್ಥಳದ ಬದಿಯಲ್ಲಿ, ಹಿಮ್ಮೇಳಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ರೆಕಾರ್ಡರ್ ಇಟ್ಟು, ನಲವತ್ತೈದು ನಿಮಿಷಕ್ಕೊಮ್ಮೆ ನಿದ್ದೆಗಣ್ಣಿನಲ್ಲೇ ಕ್ಯಾಸೆಟ್ ಮಗುಚಿ ಹಾಕುತ್ತಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್ ಆದರೆ ಎಂಟು ಗಂಟೆಯ ಆಟಕ್ಕೆ ಆರು ಬೇಕು. ಆ ಖರ್ಚಿಗೆ ಹೆದರಿ ಬಣ್ಣದ ವೇಷದ ಒಡ್ಡೋಲಗ ಬಿಟ್ಟು ಪದ ಮಾತ್ರ ಹಿಡಿದವರಿದ್ದಾರೆ, ಮಾತು ಬಿಟ್ಟು ಏರುಪದ ಮಾತ್ರ ಹಿಡಿದವರೂ ಇದ್ದಾರೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಯಕ್ಷಗಾನವನ್ನು ರೇಡಿಯೋದಿಂದಲೇ ಹಿಡಿದಿಟ್ಟ ಮನೆಗಳೂ ಉಂಟು.

ದೂರದ ಅಮೆರಿಕದಲ್ಲಿಯೂ ಇಂಥದೇ ಕೆಲಸ ನಡೆದಿತ್ತು. ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ ತನ್ನ ಕಚೇರಿಗಳನ್ನು ಅಭಿಮಾನಿಗಳು ರೆಕಾರ್ಡ್ ಮಾಡಿಕೊಳ್ಳಲು ಬಿಡುತ್ತಿತ್ತು. 1984ರಿಂದ ಅವರಿಗೆಂದೇ ಬೇರೆ ಜಾಗವನ್ನೂ ಕೊಟ್ಟಿತು. ಟೇಪುಗಳನ್ನು ಮಾರುವಂತಿಲ್ಲ, ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಬಹುದು ಎಂಬ ರೂಢಿ ಬೆಳೆಯಿತು. ತಂಡದ ಗಿಟಾರ್ ವಾದಕ ಜೆರ‍್ರಿ ಗಾರ್ಸಿಯಾ 1995ರ ಆಗಸ್ಟ್ 9ರಂದು ತೀರಿಕೊಂಡಾಗ ಅವನ ಸಂಗೀತ ಸಾವಿರಾರು ಮನೆಗಳಲ್ಲಿ, ಯಾವ ಊರು, ಯಾವ ದಿನ ಎಂಬ ಚೀಟಿ ಸಮೇತ ಉಳಿದಿತ್ತು. ಆ ತಂಡ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಕಚೇರಿಯನ್ನು ತಂಡದ ಧ್ವನಿ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್ ಹಿಡಿದಿದ್ದರು. ಅಭಿಮಾನಿಗಳ ಕೈಯಿಂದ ಕೈಗೆ ದಾಟಿ ಬಂದ ಆ ಧ್ವನಿಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣಗಳ 2011ನೇ ಸಾಲಿನ ಪಟ್ಟಿಗೆ ಸೇರಿಸಿತು. ಒಂದು ರಾತ್ರಿಯ ಹಾಡು ದೇಶದ ಆಸ್ತಿಯಾಯಿತು.

ಬೆಳ್ಳಾರೆ, ಪಂಜ, ಕಾಣಿಯೂರು, ಸವಣೂರುಗಳ ಮನೆಗಳ ಕಪಾಟಿನಲ್ಲಿರುವ ಕ್ಯಾಸೆಟ್ಟುಗಳ ಬೆಲೆ ಅದಕ್ಕಿಂತ ಕಡಿಮೆ ಎನ್ನುವುದಕ್ಕೆ ಕಾರಣವಿಲ್ಲ. ಅವುಗಳಲ್ಲಿ ಕೆಲವು ರಾತ್ರಿಗಳ ಪ್ರತಿ ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು. ಸುರತ್ಕಲ್ ಮೇಳ ಈಗ ತಿರುಗಾಟದಲ್ಲಿ ಇಲ್ಲ. ಆ ಡೇರೆಯೊಳಗೆ ಪದ್ಯಾಣರು ಹೇಗೆ ಹಾಡುತ್ತಿದ್ದರೆಂಬುದಕ್ಕೆ ಕೇಳಿದವರ ನೆನಪು ಬಿಟ್ಟರೆ ಇಂಥ ಟೇಪುಗಳೇ ಸಾಕ್ಷಿ.

ಟೇಪಿಗೂ ಆಯುಸ್ಸು ಉಂಟು

ಕ್ಯಾಸೆಟ್ಟಿನ ಒಳಗಿರುವುದು ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಹುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿರುತ್ತಾರೆ. ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ನಲವತ್ತೈದು ನಿಮಿಷಕ್ಕೆ ಎಷ್ಟು ಉದ್ದ ಬೇಕೆಂದು ಗುಣಿಸಿದರೆ ಸುಮಾರು 129 ಮೀಟರ್ ಆಗುತ್ತದೆ. ಮೈಕಿನಿಂದ ಬಂದ ವಿದ್ಯುತ್ತು ಒಂದು ಪುಟ್ಟ ವಿದ್ಯುತ್ಕಾಂತದ ಮೂಲಕ ಹರಿದು ಆ ಹುಡಿಯ ಕಣಗಳನ್ನು ಕಾಂತಗಳನ್ನಾಗಿ ಮಾಡುತ್ತದೆ. ಭಾಗವತರ ಸ್ವರದ ಏರಿಳಿತವೆಲ್ಲ ಕಾಂತತ್ವದ ಏರಿಳಿತವಾಗಿ ಪಟ್ಟಿಯ ಮೇಲೆ ಉಳಿಯುತ್ತದೆ.

ಆ ಅಂಟು ತೇವಾಂಶವನ್ನು ಹೀರಿ ಕ್ರಮೇಣ ಸಡಿಲವಾಗುತ್ತದೆ. ಹುಡಿ ಉದುರಿದರೆ ಅದರ ಮೇಲಿದ್ದ ಸ್ವರವೂ ಅದರ ಜತೆಗೇ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ಸುಳ್ಯ-ಸುಬ್ರಹ್ಮಣ್ಯದ ಮಳೆಯಲ್ಲಿ ಟೇಪಿನ ಸುರುಳಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬಿಸಿಗೆ ಪಟ್ಟಿ ಸುಕ್ಕಾಗುತ್ತದೆ. ಸ್ಪೀಕರಿನ ಪಕ್ಕದಲ್ಲಿ ಇಟ್ಟರೆ ಅದರೊಳಗಿನ ಕಾಂತ ಸ್ವರವನ್ನು ಅಳಿಸುವ ಅಪಾಯ ಉಂಟು. ಯಾರೂ ಮುಟ್ಟದೆ ಇಟ್ಟರೂ, ಸುರುಳಿಯ ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೆ ನಸುವಾಗಿ ತಗಲುತ್ತದೆ. ಹಳೆಯ ಟೇಪಿನಲ್ಲಿ ಪದ ಸುರುವಾಗುವ ಕೊಂಚ ಮೊದಲೇ ಅದರ ನೆರಳಿನಂಥ ಸದ್ದು ಕೇಳುವುದು ಇದರಿಂದಲೇ.

ಇದಕ್ಕಿಂತ ಹೆಚ್ಚಿನ ಹಾನಿ ಮನೆಯವರಿಂದಲೇ ಆಗುತ್ತದೆ. ಮದುವೆಯ ಮಾತು, ಸಿನೆಮಾ ಹಾಡು ಹಿಡಿಯುವ ಅವಸರದಲ್ಲಿ ಹಳೆಯ ಆಟದ ಮೇಲೆಯೇ ರೆಕಾರ್ಡ್ ಮಾಡಿದವರಿದ್ದಾರೆ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಮನೆಯಲ್ಲಿ ಉಳಿದಿರುವ ಕ್ಯಾಸೆಟ್ಟುಗಳಿಗೆ ಮಕ್ಕಳು ಮೊದಲು ಮಾಡಬೇಕಾದ ಉಪಕಾರ ಇದು.

ಎರಡನೆಯದು, ಅವನ್ನು ಕಂಪ್ಯೂಟರಿಗೆ ಇಳಿಸುವುದು. ಟೇಪ್ ರೆಕಾರ್ಡರಿನ ಹೊರಹೋಗುವ ಕಿಂಡಿಗೂ ಕಂಪ್ಯೂಟರಿನ ಒಳಬರುವ ಕಿಂಡಿಗೂ ಒಂದು ವಯರು ಸಾಕು. ಕಂಪ್ಯೂಟರು ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು ಸಂಖ್ಯೆಯಾಗಿ ಬರೆದಿಡುತ್ತದೆ. ಮನುಷ್ಯನ ಕಿವಿಗೆ ಕೇಳುವ ಅತಿ ಎತ್ತರದ ಆವೃತ್ತಿ ಸುಮಾರು 20,000 ಹರ್ಟ್ಜ್. ಒಂದು ಅಲೆಯನ್ನು ಸರಿಯಾಗಿ ಹಿಡಿಯಲು ಅದರ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕೆಂಬ ನಿಯಮದಿಂದ ಈ ಸಂಖ್ಯೆ ಬಂತು. ಒತ್ತಿ ಕಿರಿದುಗೊಳಿಸದೆ ಹಾಗೆಯೇ ಇಟ್ಟರೆ ಎರಡು ಚಾನೆಲಿನ ಒಂದು ಗಂಟೆಯ ಶಬ್ದಕ್ಕೆ ಸುಮಾರು 635 ಮೆಗಾಬೈಟ್ ಜಾಗ ಬೇಕು. ಇಂದಿನ ದಿನದಲ್ಲಿ ಅದು ದೊಡ್ಡದೇನೂ ಅಲ್ಲ. ಬೂಸ್ಟು ಹಿಡಿದ ಟೇಪನ್ನು ಮಾತ್ರ ಒಮ್ಮೆಲೇ ರೆಕಾರ್ಡರಿಗೆ ಹಾಕಬಾರದು. ಹಾಕಿದರೆ ಟೇಪೂ ಹರಿಯಬಹುದು, ಯಂತ್ರವೂ ಕೊಳೆಯಾಗುತ್ತದೆ. ತಿಳಿದವರ ಕೈಯಲ್ಲಿ ಶುಚಿ ಮಾಡಿಸಿಯೇ ಮುಂದುವರಿಯಬೇಕು. ಪ್ರತಿ ಮಾಡಿದ ಮೇಲೆ ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಬೇರೆ ಊರಿನ ನೆಂಟರಲ್ಲಿ ಇಡುವುದು ಒಳ್ಳೆಯದು. ಸಿಡಿಲಿಗೆ ಒಂದು ಕಂಪ್ಯೂಟರು ಹೋದರೂ ಸ್ವರ ಉಳಿಯುತ್ತದೆ.

ಚೀಟಿ ಅಂಟಿಸದ ಸ್ವರ

ಮೊಬೈಲು ಬಂದ ಮೇಲೆ ಅಭಿಮಾನ ಅರ್ಧ ನಿಮಿಷದ ತುಣುಕುಗಳಾಗಿ ಹರಿದಾಡುತ್ತಿದೆ. ಯಾರ ಪದ, ಯಾವ ಪ್ರಸಂಗ, ಮದ್ದಳೆಗೆ ಯಾರು, ಚೆಂಡೆಗೆ ಯಾರು, ಯಾವ ವರ್ಷ ಎಂಬುದು ಯಾವುದೂ ಇರುವುದಿಲ್ಲ. ಹತ್ತು ಕೈ ದಾಟುವಷ್ಟರಲ್ಲಿ ಒಬ್ಬರ ಪದಕ್ಕೆ ಮತ್ತೊಬ್ಬರ ಹೆಸರು ಬಂದಿರುತ್ತದೆ. ಹಾಡಿದವರು ಬದುಕಿದ್ದರೆ ತಿದ್ದುತ್ತಿದ್ದರು. ಹೋದವರ ಪರವಾಗಿ ತಿದ್ದುವವರು ಯಾರು?

ಈಗ ಇನ್ನೊಂದು ತೊಡಕೂ ಸೇರಿಕೊಂಡಿದೆ. ಒಬ್ಬರ ಧ್ವನಿಯ ಮಾದರಿ ಕೊಟ್ಟರೆ ಅದೇ ಧ್ವನಿಯಲ್ಲಿ ಹೊಸ ಹಾಡು ಹಾಡಿಸುವ ಕಂಪ್ಯೂಟರ್ ತಂತ್ರ ಬಂದಿದೆ. ತೀರಿಹೋದ ಭಾಗವತರು ಎಂದೂ ಹಾಡದ ಪದವನ್ನು ಅವರ ಸ್ವರದಲ್ಲಿ ಕೇಳಿಸಬಹುದು. ಕೇಳುವಾಗ ಕಣ್ಣು ತುಂಬಬಹುದು, ಆದರೆ ಅದು ಅವರು ಹಾಡಿದ್ದಲ್ಲ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ನಿಜ ಯಾವುದು, ಕೃತಕ ಯಾವುದು ಎಂದು ಹೇಳಬಲ್ಲುದು ಮೂಲ ಟೇಪು ಮತ್ತು ಅದರ ಮೇಲಿನ ಚೀಟಿ ಮಾತ್ರ. ವಿಜ್ಞಾನದಲ್ಲಿ ದಿನಾಂಕ, ಸ್ಥಳ ಬರೆಯದ ಅಳತೆಗೆ ಬೆಲೆಯಿಲ್ಲ. ಪ್ರಯೋಗಶಾಲೆಯ ದಾಖಲೆ ಪುಸ್ತಕಕ್ಕೆ ಇರುವ ಶಿಸ್ತು ಅಭಿಮಾನಿಯ ಪೆಟ್ಟಿಗೆಗೂ ಬೇಕು.

ಈ ಚೀಟಿ ಬರೆಯುವುದಕ್ಕೆ ಮನೆಯ ಹಿರಿಯರ ಸಹಾಯ ಬೇಕೇ ಬೇಕು. ಟೇಪು ಹಾಕಿ, "ಅಜ್ಜ, ಇದು ಎಲ್ಲಿಯ ಆಟ?" ಎಂದು ಕೇಳಿದರೆ ಸಾಕು. "ಇದು ಪುತ್ತೂರು ದೇವಸ್ಥಾನದ ಎದುರಿನ ಗದ್ದೆಯದ್ದು ಮಾರಾಯ, ಆ ದಿನ ನಡುವೆ ಮಳೆ ಬಂದಿತ್ತು, ಕೇಳು ಈಗ ಚೆಂಡೆಯ ಸದ್ದು ಬದಲಾಗ್ತದೆ" ಎಂಬಂಥ ಮಾತು ಬರುತ್ತದೆ. ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುವುದು ವಿಜ್ಞಾನ. ಅದು ಯಾವ ರಾತ್ರಿ ಆಯಿತೆಂಬುದು ಅಜ್ಜನ ತಲೆಯಲ್ಲಿದೆ. ಟೇಪನ್ನಾದರೂ ಶುಚಿ ಮಾಡಿಸಬಹುದು, ಈ ನೆನಪಿಗೆ ಎರಡನೇ ಪ್ರತಿ ಇಲ್ಲ.

ಯಂತ್ರ ಹಿಡಿಯದ ಸಂಗತಿಗಳೂ ಹಿರಿಯರ ಹತ್ತಿರವೇ ಇವೆ. ಭಾಗವತನೆಂದರೆ ಹಾಡುಗಾರ ಮಾತ್ರ ಆಗಿರುವುದಿಲ್ಲ, ಆಟದ ಸೂತ್ರ ಅವನ ಕೈಯಲ್ಲಿ. ವೇಷಧಾರಿ ದಣಿದದ್ದು ಕಂಡರೆ ಅವನು ಪದ ಮೊಟಕು ಮಾಡುತ್ತಾನೆ, ಹುರುಪು ಬಂದದ್ದು ಕಂಡರೆ ಇನ್ನೊಂದು ಸುತ್ತು ಎತ್ತಿಕೊಡುತ್ತಾನೆ, ಬೆಳಗಾಗುವುದು ಹತ್ತಿರವಾದರೆ ಕಥೆಯನ್ನು ಓಡಿಸುತ್ತಾನೆ. ಟೇಪಿನಲ್ಲಿ ಕೇಳುವುದು ಅವನ ನಿರ್ಧಾರದ ಫಲ. ಕಾರಣ ಹೇಳಬಲ್ಲವರು ಎದುರು ಕುಳಿತು ನೋಡಿದವರು.

ಮಕ್ಕಳ ಗಂಟಲು, ಹಿರಿಯರ ಚಿಂತೆ

ಮೆಚ್ಚಿನ ಭಾಗವತರ ಹಾಗೆಯೇ ಹಾಡಬೇಕೆಂಬ ಆಸೆ ಹುಡುಗರಿಗೆ ಬರುವುದು ಸಹಜ, ಈಗ ಹುಡುಗಿಯರಿಗೂ. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೇಗ ಬೆಳೆದು ಧ್ವನಿತಂತುಗಳು ಉದ್ದವಾಗುತ್ತವೆ, ಸ್ವರ ಒಡೆಯುತ್ತದೆ. ಅದೇ ಸಮಯದಲ್ಲಿ ಐವತ್ತು ದಾಟಿದ ಪಳಗಿದ ಭಾಗವತರ ಏರುಪದವನ್ನು ಹಟ ಹಿಡಿದು ಅನುಕರಿಸಿದರೆ ತಂತುಗಳಲ್ಲಿ ಗಂಟು ಬರುವ ಅಪಾಯ ಉಂಟು. ಎರಡು ಮೂರು ವಾರ ಕಳೆದರೂ ಸ್ವರ ಕೆರೆತ ಬಿಡದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ಬೇಕಷ್ಟು ನೀರು, ಬೇಕಷ್ಟು ನಿದ್ದೆ, ಬೊಬ್ಬೆ ಹಾಕದಿರುವುದು, ಮತ್ತು ಒಬ್ಬ ಗುರು ಸಿಕ್ಕರೆ ಗಂಟಲು ಉಳಿಯುತ್ತದೆ. ಮೊದಲು ತಾಳ ಕಲಿಯಲಿ. ತಾಳಕ್ಕೆ ಗಂಟಲು ಬೇಕಿಲ್ಲ.

ಇನ್ನೊಬ್ಬರ ಕೊಳವೆಯ ಆಕಾರ ತನ್ನದಾಗುವುದಿಲ್ಲ ಎಂಬ ಸತ್ಯವನ್ನು ಮಕ್ಕಳಿಗೆ ಬೇಸರವಾಗದಂತೆ ತಿಳಿಸಬೇಕು. ಪದ್ಯಾಣರು ಅಜ್ಜನಿಂದ ಮನೆತನವನ್ನೂ ಗುರುವಿನಿಂದ ಮಟ್ಟನ್ನೂ ಪಡೆದರು. ಸ್ವರ ಮಾತ್ರ ಅವರದೇ ಆಗಿತ್ತು, ಅಭಿಮಾನಿಗಳು ಅದನ್ನೇ ಮೆಚ್ಚಿದರು.

ಆಟ ಎಂದರೆ ಓದು ಕೆಡುತ್ತದೆ ಎಂದು ಹೆದರುವ ತಂದೆ ತಾಯಿಯರೂ ಇದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಮಗ ಬೆಳಗಿನ ತನಕ ಆಟ ನೋಡಿದರೆ ಓದು ಕೆಡುವುದು ನಿಜ. ಆದರೆ ಒಂದು ಕ್ಯಾಸೆಟ್ಟನ್ನು ಉಳಿಸುವ ಕೆಲಸದಲ್ಲಿ ಕಾಂತತ್ವ, ಆವೃತ್ತಿ, ಅನುನಾದ, ಆರ್ದ್ರತೆ, ಗಣಿತ, ಇತಿಹಾಸ ಎಲ್ಲವೂ ಬರುತ್ತವೆ. ಪಠ್ಯಪುಸ್ತಕದ ಶಬ್ದದ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ಸಿಗುವುದು ಕಷ್ಟ. ಶಾಲೆಯ ವಿಜ್ಞಾನ ಸಂಘಗಳು ಇದನ್ನೇ ಒಂದು ವರ್ಷದ ಯೋಜನೆಯಾಗಿ ಕೈಗೊಳ್ಳಬಹುದು: ಪ್ರತಿಯೊಬ್ಬ ವಿದ್ಯಾರ್ಥಿ ತನ್ನ ಮನೆಯಿಂದಲೋ ನೆರೆಮನೆಯಿಂದಲೋ ಒಂದು ಟೇಪು, ಒಂದು ಚೀಟಿ, ಒಬ್ಬ ಹಿರಿಯರ ಮಾತು ತರಬೇಕು. ಟೇಪನ್ನು ಪ್ರತಿ ಮಾಡಿದ ಮೇಲೆ ಮನೆಯವರಿಗೇ ಹಿಂತಿರುಗಿಸಬೇಕು. ಹಂಚುವ ಮೊದಲು ಅವರ ಒಪ್ಪಿಗೆಯನ್ನೂ ಕಲಾವಿದರ ಮನೆಯವರ ಒಪ್ಪಿಗೆಯನ್ನೂ ಕೇಳಬೇಕು.

ಮಳೆಗಾಲ ಬರುವ ಮೊದಲು, ಬೇಸಗೆಯ ರಜೆಯಲ್ಲಿ, ಗಾಳಿ ಒಣಗಿರುವಾಗ ಈ ಕೆಲಸ ಮಾಡುವುದು ಸರಿ. ಕಪಾಟಿನಿಂದ ಕ್ಯಾಸೆಟ್ಟುಗಳನ್ನು ಹೊರಗೆ ತೆಗೆದು, ನೆರಳಿನಲ್ಲಿ ಒಂದು ಬಟ್ಟೆಯ ಮೇಲೆ ಹರಡಿ, ಹಿಂಬದಿಯ ಕಿವಿಗಳನ್ನು ಮುರಿದು, ಒಂದೊಂದಕ್ಕೂ ಸಂಖ್ಯೆ ಬರೆಯುವುದರಿಂದ ಸುರು ಮಾಡಬಹುದು. ಮನೆಯ ಅಜ್ಜ ಅಜ್ಜಿಯರನ್ನು ಹತ್ತಿರದಲ್ಲೇ ಒಂದು ಕುರ್ಚಿ ಹಾಕಿ ಕೂರಿಸಿಕೊಳ್ಳಬೇಕು, ಪೆನ್ನು ಕಾಗದ ಕೈಯಲ್ಲೇ ಇರಬೇಕು.